ಹಳೆಯ ಬಂಡಿಗೆ ಹೊಸ ಹಳಿ

ಕಂಪ್ಲಿ ಕಡೆಯ ಒಂದು ರೈತರ ಮನೆ ಎಂದಿಟ್ಟುಕೊಳ್ಳಿ. ಅಂಗಳದಲ್ಲಿ ಟ್ರ್ಯಾಕ್ಟರು, ಅದರ ಪಕ್ಕಕ್ಕೆ ಮೋಟಾರು ಬೈಕು. ಹಿತ್ತಲಿಗೆ ಹೋದರೆ ಬೇವಿನ ಮರದ ಕೆಳಗೆ ಮೂಕಿಯನ್ನು ನೆಲಕ್ಕೂರಿ ನಿಂತ ಹಳೆಯ ಸವಾರಿ ಬಂಡಿ. ಇಪ್ಪತ್ತು ವರ್ಷದಿಂದ ಅದರ ಗಾಲಿ ತಿರುಗಿಲ್ಲ. ಬಂಡಿಯೊಳಗೆ ಕೋಳಿ ಮೊಟ್ಟೆ ಇಡುತ್ತದೆ, ಕಮಾನಿನ ಬಿದಿರಿಗೆ ಹೀರೆಬಳ್ಳಿ ಹಬ್ಬಿದೆ.

ಆ ಮನೆಯ ತಾತನಿಗೆ ಒಂದು ಆಸೆ. ಚೈತ್ರದಲ್ಲಿ ನಡೆಯುವ ಹಂಪಿ ವಿರೂಪಾಕ್ಷನ ತೇರಿಗೆ ಇನ್ನೊಮ್ಮೆ ಬಂಡಿಯಲ್ಲೇ ಹೋಗಬೇಕು. ಮಗನದು ಬೇರೆ ಲೆಕ್ಕ. “ಅಪ್ಪಾ, ಬಸ್ಸಿಗೆ ಹೋದರೆ ಒಂದು ತಾಸು. ಈ ಬಂಡಿಯನ್ನು ಹೋಟೆಲಿನವರು ಅಂಗಳದ ಅಲಂಕಾರಕ್ಕೆ ಕೇಳ್ತಿದ್ದಾರೆ, ಕೊಟ್ಟುಬಿಡೋಣ” ಎನ್ನುತ್ತಾನೆ. ಒಂಬತ್ತನೆಯ ತರಗತಿಯ ಮೊಮ್ಮಗಳು ಮಾತ್ರ ಇಬ್ಬರ ನಡುವೆ ನಿಂತು ಒಂದು ಪ್ರಶ್ನೆ ಕೇಳುತ್ತಾಳೆ. “ಇದು ರಿಪೇರಿ ಆಗುತ್ತಾ ಇಲ್ವಾ, ಅದನ್ನು ಮೊದಲು ಯಾರಾದರೂ ನೋಡಿದಾರಾ?”

ಸರಿಯಾದ ಪ್ರಶ್ನೆ. ಹಳೆಯ ವಸ್ತುಗಳ ಬಗ್ಗೆ ನಾವು ಮಾರೋಣ ಎನ್ನುತ್ತೇವೆ, ಇಲ್ಲವೇ ಇಟ್ಟುಕೊಳ್ಳೋಣ ಎನ್ನುತ್ತೇವೆ. ಬಿಚ್ಚಿ ನೋಡೋಣ ಎನ್ನುವವರು ಕಡಿಮೆ.

ಮಡಚಿ ಇಡುವ ಮನೆ

ಅಮೆರಿಕದಲ್ಲಿ ಪಾಪ್-ಅಪ್ ಕ್ಯಾಂಪರ್ ಎಂಬ ಗಾಡಿಯೊಂದಿದೆ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವಾಗ ಅದು ಒಂದು ತಗ್ಗಾದ ಪೆಟ್ಟಿಗೆ. ಬೀಡು ಬಿಟ್ಟ ಜಾಗದಲ್ಲಿ ಮುಚ್ಚಳವನ್ನು ಮೇಲಕ್ಕೆತ್ತಿ, ಎರಡೂ ಬದಿಯ ಮಂಚಗಳನ್ನು ಹೊರಕ್ಕೆಳೆದರೆ ಕ್ಯಾನ್ವಾಸ್ ಗೋಡೆಯ ಪುಟ್ಟ ಮನೆ ತಯಾರು. ಹಳೆಯದನ್ನು ಅಗ್ಗಕ್ಕೆ ಕೊಂಡು ರಜೆಯಲ್ಲಿ ತಾವೇ ರಿಪೇರಿ ಮಾಡಿಕೊಳ್ಳುವ ಕುಟುಂಬಗಳು ಅಲ್ಲಿ ಬಹಳ. ಅವರು ಎದುರಿಸುವ ತೊಂದರೆಗಳು ಹೆಚ್ಚಾಗಿ ನಾಲ್ಕು: ನೆಲದ ಹಲಗೆ ಕೊಳೆತಿರುತ್ತದೆ, ಬಟ್ಟೆ ಸೋರುತ್ತದೆ, ಗಾಲಿಯ ಬೇರಿಂಗು ಒಣಗಿರುತ್ತದೆ, ಭಾರ ಸರಿಯಾಗಿ ಹಂಚಿಕೆಯಾಗಿರುವುದಿಲ್ಲ.

ನಮ್ಮ ಸವಾರಿ ಬಂಡಿಯೂ ಇದೇ ಜಾತಿಯದು. ವರ್ಷವಿಡೀ ಗೊಬ್ಬರ, ಭತ್ತ, ಕಬ್ಬು ಹೊರುವ ಬಂಡಿಗೆ ಜಾತ್ರೆ ಬಂದಾಗ ಬಿದಿರಿನ ಕಮಾನು ಹೂಡಿ, ಮೇಲೆ ಚಾಪೆಯನ್ನೋ ತಾಡಪಾಲನ್ನೋ ಬಿಗಿದು, ಒಳಗೆ ಹುಲ್ಲಿನ ಮೇಲೆ ಜಮಖಾನ ಹಾಸಿದರೆ ಅದು ಮನೆ. ಜಾತ್ರೆ ಮುಗಿದರೆ ಕಮಾನು ಅಟ್ಟಕ್ಕೆ. ಎತ್ತಿನ ನಡಿಗೆ ತಾಸಿಗೆ ಮೂರು ನಾಲ್ಕು ಕಿಲೋಮೀಟರು. ಕಂಪ್ಲಿಯಿಂದ ಹಂಪಿಗೆ ಇಪ್ಪತ್ತೈದು ಮೂವತ್ತು ಕಿಲೋಮೀಟರು ಎಂದರೆ ಒಂದು ಪೂರ್ತಿ ಹಗಲು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಗಾದರೆ ದಾರಿಯಲ್ಲಿ ಹಲವು ರಾತ್ರಿ. ಆದ್ದರಿಂದ ಬಂಡಿಯಲ್ಲಿ ಅಡಿಗೆಯ ಪಾತ್ರೆ ಇರಬೇಕು, ಹಾಸಿಗೆ ಇರಬೇಕು, ಮಳೆ ಬಂದರೆ ಮಕ್ಕಳಿಗೆ ಮರೆ ಇರಬೇಕು.

ಈ ಸೀಮೆಗೆ ಎತ್ತಿನ ಸಾಗಣೆ ಬಹಳ ಹಳೆಯದು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರ ಹೊತ್ತಿಗೆ, ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಹೇರೆತ್ತುಗಳು ಬೀದಿ ತುಂಬಿ ನಡೆಯುವಾಗ ದಾಟಲಾಗದೆ ಕಾಯಬೇಕು, ಇಲ್ಲವೇ ಬೇರೆ ಬೀದಿ ಹಿಡಿಯಬೇಕು ಎಂದು ಬರೆದಿಟ್ಟಿದ್ದಾನೆ. ಸಂಡೂರು ಸೀಮೆಯಲ್ಲಿ ಇಂದು ತಾಂಡಾಗಳಲ್ಲಿ ನೆಲೆಸಿರುವ ಲಂಬಾಣಿಗಳ ಹಿರಿಯರು ಎತ್ತಿನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ನಾಡು ಸುತ್ತಿದವರು. ಮನೆಯನ್ನು ಕಟ್ಟಿಕೊಂಡು ಹೊರಡುವುದು ಅವರಿಗೆ ರಜೆಯ ವಿನೋದವಾಗಿರಲಿಲ್ಲ, ಬದುಕಾಗಿತ್ತು.

ಬಣ್ಣ ಕೊನೆಗೆ

ಊರಿನ ವಯಸ್ಸಾದ ಬಡಿಗೇರರನ್ನು ಕರೆಸುತ್ತಾರೆ. ಅಷ್ಟರಲ್ಲಿ ಮಗ ಹೊಸಪೇಟೆಯಿಂದ ಎರಡು ಡಬ್ಬಿ ಬಣ್ಣ ತಂದಿಟ್ಟಿದ್ದಾನೆ. ಬಡಿಗೇರರು ಡಬ್ಬಿಯನ್ನು ನೋಡಿ ನಗುತ್ತಾರೆ. “ಅದನ್ನು ಒಳಗಿಡಪ್ಪ. ಬಣ್ಣ ಹಚ್ಚಿದರೆ ಹುಳುಕು ಮುಚ್ಚತದೆ, ಹೋಗೋದಿಲ್ಲ.”

ಅವರ ಮೊದಲ ಸಾಧನ ಒಂದು ಚೂಪಾದ ಉಳಿ. ಹಲಗೆ, ಕೂಡುಗಳು, ಮರದ ತುದಿಗಳು, ಎಲ್ಲ ಕಡೆ ಚುಚ್ಚಿ ನೋಡುತ್ತಾರೆ. ಒಳ್ಳೆಯ ಮರದಲ್ಲಿ ಉಳಿ ನಿಲ್ಲುತ್ತದೆ, ಕೊಳೆತ ಮರದಲ್ಲಿ ಬೆಣ್ಣೆಗೆ ಇಳಿದಂತೆ ಇಳಿಯುತ್ತದೆ. ಕೊಳೆತ ಸಿಕ್ಕಿದ್ದು ಎಲ್ಲಿ? ಮಳೆ ನೇರವಾಗಿ ಬೀಳುವ ಮೇಲ್ಭಾಗದಲ್ಲಲ್ಲ. ನೀರು ನುಗ್ಗಿ ಹೊರಬರಲಾರದ ಕೂಡುಗಳಲ್ಲಿ, ನೆಲಕ್ಕೆ ತಗುಲಿದ ತುದಿಯಲ್ಲಿ, ಹಳೆಯ ಬಣ್ಣದ ಪದರದ ಅಡಿಯಲ್ಲಿ.

ಕಾರಣ ಹೀಗಿದೆ. ಮರವನ್ನು ಕೊಳೆಸುವುದು ನೀರಲ್ಲ, ಶಿಲೀಂಧ್ರ. ಆದರೆ ಅದು ಬೆಳೆಯಲು ತೇವ ಬೇಕು. ಮರದ ಒಣ ತೂಕದ ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ ನೀರಿದ್ದರೆ ಶಿಲೀಂಧ್ರ ತಲೆ ಎತ್ತುವುದಿಲ್ಲ. ನೆನೆದು ಬೇಗ ಒಣಗುವ ಹಲಗೆ ಬಾಳುತ್ತದೆ, ನೆನೆದು ಒಣಗದ ಹಲಗೆ ಸಾಯುತ್ತದೆ. ಮರದ ನಾಳಗಳು ಉದ್ದಕ್ಕೆ ಹರಿಯುವುದರಿಂದ ಕತ್ತರಿಸಿದ ತುದಿಗಳೇ ನೀರು ಕುಡಿಯುವ ಬಾಯಿಗಳು. ಹೊಸ ಹಲಗೆ ಹಾಕುವ ಮುನ್ನ ಆ ತುದಿಗಳಿಗೆ ಎಣ್ಣೆ ಕುಡಿಸಬೇಕು, ಹಲಗೆಗಳ ನಡುವೆ ಗಾಳಿಯಾಡಲು ಸಂದು ಬಿಡಬೇಕು. ಕಾರಣ ತಿಳಿಯದೆ ಬರೀ ಹಲಗೆ ಬದಲಾಯಿಸಿದರೆ ಐದು ವರ್ಷದಲ್ಲಿ ಅದೇ ಜಾಗ ಮತ್ತೆ ಕೊಳೆಯುತ್ತದೆ.

ಎರಡನೆಯ ಸಾಧನ ಕಿವಿ. ಗಾಲಿಯನ್ನು ಎತ್ತಿ ನಿಲ್ಲಿಸಿ, ಒಂದೊಂದೇ ಅರೆಕಾಲಿಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಟಣ್ ಎಂದರೆ ಗಟ್ಟಿ. ಡಬ್ ಎಂದರೆ ಒಳಗೆ ಬಿರುಕು, ಇಲ್ಲವೇ ಕೂಡು ಸಡಿಲ. ಬಿರುಕಿನ ಎರಡು ಮೈಗಳು ಒಂದಕ್ಕೊಂದು ಉಜ್ಜಿ ಕಂಪನದ ಶಕ್ತಿಯನ್ನು ನುಂಗಿಬಿಡುವುದರಿಂದ ಸದ್ದು ಬೇಗ ಸಾಯುತ್ತದೆ. ರೈಲ್ವೆ ನೌಕರರು ಸುತ್ತಿಗೆಯಿಂದ ಗಾಲಿ ಬಡಿದು ನೋಡುತ್ತಿದ್ದುದೂ ಇದಕ್ಕೇ. ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿಗೂ ಈ ವಿದ್ಯೆ ಗೊತ್ತು.

ಹೆಬ್ಬೆರಳಿನ ಲೆಕ್ಕ

ಈ ಬಂಡಿಯಲ್ಲಿ ಎರಡು ಅರೆಕಾಲು ಡಬ್ ಎಂದವು. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಗಾಲಿಯ ಸುತ್ತಿನ ಕಬ್ಬಿಣದ ಹಳಿ ಕೈಯಲ್ಲಿ ಅಲುಗಾಡುವಷ್ಟು ಸಡಿಲಾಗಿತ್ತು.

ಗಾಲಿಯ ರಚನೆ ನೋಡಿ. ನಡುವೆ ಗುಂಬ, ಸಾಮಾನ್ಯವಾಗಿ ಜಾಲಿಯ ಮರದ್ದು. ಅದರಿಂದ ಹೊರಟ ಅರೆಕಾಲುಗಳು. ಅವುಗಳ ತುದಿಯಲ್ಲಿ ಕೂರುವ, ಬಾಗಿದ ಮರದ ತುಂಡುಗಳು ಸೇರಿ ವೃತ್ತವಾಗುತ್ತವೆ. ಒಂದಕ್ಕೊಂದು ಕೂಡುಕೊಟ್ಟು ನಿಂತಿರುವ ಈ ತುಂಡುಗಳನ್ನೆಲ್ಲ ಹೊರಗಿನಿಂದ ಅವುಚಿ ಹಿಡಿದಿರುವುದು ಹಳಿ. ಹಳಿ ಸಡಿಲಾದರೆ ಗಾಲಿಯೇ ಇಲ್ಲ, ಬರೀ ಸೌದೆ.

ಸಡಿಲಾದದ್ದು ಏಕೆ? ಕಬ್ಬಿಣ ಹಿಗ್ಗಿತೇ? ಇಲ್ಲ, ಮರ ಕುಗ್ಗಿತು. ಹಸಿ ಮರ ಪೂರ್ತಿ ಒಣಗುವಾಗ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಅಡ್ಡಕ್ಕೆ ಮಾತ್ರ ನೂರಕ್ಕೆ ಐದರಿಂದ ಹತ್ತರವರೆಗೂ ಕುಗ್ಗಬಹುದು. ಗುಂಬವೂ ಹೊರವೃತ್ತದ ತುಂಡುಗಳೂ ಅಡ್ಡಕ್ಕೆ ತೆಳ್ಳಗಾಗಿ, ಗಾಲಿಯ ಸುತ್ತಳತೆ ಹಳಿಗಿಂತ ಚಿಕ್ಕದಾಯಿತು. ಬೇಸಿಗೆಯಲ್ಲಿ ಬಂಡಿಯನ್ನು ಹಳ್ಳಕ್ಕೋ ಕಾಲುವೆಗೋ ಇಳಿಸಿ ಗಾಲಿ ನೆನೆಸುತ್ತಿದ್ದುದು ಇದೇ ಕಾರಣಕ್ಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯಾನ್ವಾಸ್ ಕಮಾನಿನ ಬಂಡಿಗಳಲ್ಲಿ ಅಮೆರಿಕದ ಒಣ ಬಯಲು ದಾಟಿದ ವಲಸೆಗಾರರೂ ಗಾಲಿಗಳನ್ನು ಹೊಳೆಯಲ್ಲಿ ನೆನೆಸಿದರು. ಆದರೆ ಅದು ಆ ಹೊತ್ತಿನ ಉಪಾಯ. ಒಣಗಿದ ಮೇಲೆ ಮತ್ತೆ ಸಡಿಲ.

ಶಾಶ್ವತ ಉಪಾಯ ಕಮ್ಮಾರರ ಕೈಯಲ್ಲಿದೆ. ಹಳಿಯನ್ನು ಕತ್ತರಿಸಿ, ಸ್ವಲ್ಪ ತುಂಡು ತೆಗೆದು, ಮತ್ತೆ ಬೆಸೆದು, ಗಾಲಿಗಿಂತ ಚಿಕ್ಕದಾಗಿ ಮಾಡುತ್ತಾರೆ. ಚಿಕ್ಕ ಹಳಿ ದೊಡ್ಡ ಗಾಲಿಗೆ ಏರುವುದು ಹೇಗೆ? ಕಾಯಿಸಿದರೆ ಹಿಗ್ಗುತ್ತದೆ. ಇಷ್ಟು ಎಲ್ಲ ಮಕ್ಕಳಿಗೂ ಪಾಠದಿಂದ ಗೊತ್ತು. ಮೊಮ್ಮಗಳ ಪ್ರಶ್ನೆ ಅದರ ಮುಂದಿನದು.

“ಎಷ್ಟು ಚಿಕ್ಕದು ಇರಬೇಕು, ಮಾವ?”

ಬಡಿಗೇರರು ಹೆಬ್ಬೆರಳನ್ನು ಅಡ್ಡ ಹಿಡಿದು ತೋರಿಸುತ್ತಾರೆ. “ಸುತ್ತಿನಲ್ಲಿ ಇದರಗಲ ಕಮ್ಮಿ ಇರಬೇಕವ್ವ. ಜಾಸ್ತಿ ಕಮ್ಮಿಯಾದರೆ ಏರೋದಿಲ್ಲ, ಏರಿದರೂ ಅರೆಕಾಲು ಮುರಿತದೆ. ಕಮ್ಮಿ ಸಾಲದಿದ್ದರೆ ವರ್ಷ ತುಂಬೋದರೊಳಗೆ ಮತ್ತೆ ಸಡಿಲ.”

ಹುಡುಗಿ ನೋಟ್‌ಬುಕ್ ತೆಗೆಯುತ್ತಾಳೆ. ಗಾಲಿಯ ಅಡ್ಡಳತೆ ಒಂದೂವರೆ ಮೀಟರು. ಸುತ್ತಳತೆ 1.5 × 3.14, ಅಂದರೆ ಸುಮಾರು 4.71 ಮೀಟರು, ಅಥವಾ 4,710 ಮಿಲಿಮೀಟರು. ಹೆಬ್ಬೆರಳಿನ ಅಗಲ 25 ಮಿ.ಮೀ. ಹಾಗಾದರೆ ಹಳಿಯ ಒಳಸುತ್ತು 4,685 ಮಿ.ಮೀ. ಇರಬೇಕು. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಪಾಲಿನಷ್ಟು ಹಿಗ್ಗುತ್ತದೆ. ಮಂದ ಕೆಂಪಿಗೆ ತಿರುಗುವವರೆಗೆ ಕಾಯಿಸಿದರೆ ಉಷ್ಣತೆ ಸುಮಾರು 600 ಡಿಗ್ರಿ ಏರಿರುತ್ತದೆ. 4,685 × 0.000012 × 600. ಉತ್ತರ ಸುಮಾರು 34 ಮಿ.ಮೀ.

ಕಡಿಮೆ ಇದ್ದದ್ದು 25, ಹಿಗ್ಗಿದ್ದು 34. ಮಿಕ್ಕಿದ್ದು 9 ಮಿ.ಮೀ. ಅದನ್ನು 3.14ರಿಂದ ಭಾಗಿಸಿದರೆ ಅಡ್ಡಳತೆಯಲ್ಲಿ ಸಿಗುವ ಸಡಿಲ 3 ಮಿ.ಮೀ.ಗೂ ಕಡಿಮೆ. ಹಳಿ ಗಾಲಿಯ ಮೇಲೆ ಕೂರಲು ಅಷ್ಟೇ ಜಾಗ, ಅಷ್ಟು ಸಾಕು. ಪುಸ್ತಕದ ಗುಣಕವೂ ಬಡಿಗೇರರ ಹೆಬ್ಬೆರಳೂ ಒಂದೇ ಮಾತು ಹೇಳುತ್ತವೆ.

ಬೆಳಗಿನ ಜಾವ, ಇನ್ನೂ ಮಬ್ಬುಗತ್ತಲಿರುವಾಗ ಕೆಲಸ ಶುರು. ಕಬ್ಬಿಣದ ಮಂದ ಕೆಂಪು ಬಿಸಿಲಿನಲ್ಲಿ ಕಾಣುವುದಿಲ್ಲ. ಹಳಿಯನ್ನು ನೆಲದ ಮೇಲಿಟ್ಟು, ಸುತ್ತಲೂ ಸಮನಾಗಿ ಕುಳ್ಳು ಜೋಡಿಸಿ ಬೆಂಕಿ ಕೊಡುತ್ತಾರೆ. ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಕಾದರೆ ಹಳಿ ವೃತ್ತವಾಗಿ ಉಳಿಯುವುದಿಲ್ಲ. ಕೆಂಪಾದ ಕೂಡಲೇ ನಾಲ್ಕು ಜನ ಇಕ್ಕಳದಲ್ಲಿ ಹಿಡಿದು ಎತ್ತಿ ಗಾಲಿಯ ಮೇಲಿಟ್ಟು ಬಡಿದು ಕೂರಿಸುತ್ತಾರೆ. ಮರ ಹೊತ್ತಿ ಹೊಗೆ ಏಳುತ್ತದೆ. ಕೊಡಗಟ್ಟಲೆ ನೀರು ಬೀಳುತ್ತದೆ. ಹಳಿ ಕುಗ್ಗುವಾಗ ಕೂಡುಗಳೆಲ್ಲ ಕಿರ್ರೆಂದು ಒಳಕ್ಕೆ ಸರಿದು ಬಿಗಿಯುವ ಸದ್ದು ಕೇಳುತ್ತದೆ. ಒಂದೂ ಮೊಳೆಯಿಲ್ಲ, ಅಂಟಿಲ್ಲ. ಕಬ್ಬಿಣ ತಣಿದ ಬಲವೊಂದೇ ಗಾಲಿಯನ್ನು ಹಿಡಿದಿರುತ್ತದೆ.

ರೈಲು ಓಡುವ ಕಂಬಿಗೂ ಕನ್ನಡದಲ್ಲಿ ಹಳಿ ಎಂದೇ ಹೆಸರು. ಅಲ್ಲಿ ಬಿಸಿಲಿಗೆ ಹಿಗ್ಗುವುದು ಎಂಜಿನಿಯರಿಗೆ ತಲೆನೋವು. ಇಲ್ಲಿ ಅದೇ ಗುಣ ಕಮ್ಮಾರನಿಗೆ ಬಂಡವಾಳ. ಸಂಡೂರಿನ ಬೆಟ್ಟಗಳ ಕೆಂಪು ಮಣ್ಣನ್ನು ನೋಡುತ್ತ ಬೆಳೆದ ಮಕ್ಕಳಿಗೆ ಕಬ್ಬಿಣದ ಅದಿರು ಹೊಸದಲ್ಲ. ಆ ಅದಿರಿನಿಂದ ಬಂದ ಲೋಹ ಹೀಗೆ ಉಸಿರೆಳೆದು ಬಿಡುವುದನ್ನು ನೋಡಿದವರು ಮಾತ್ರ ಈಗ ಕಡಿಮೆ.

ಎಣ್ಣೆ, ಭಾರ, ಬಟ್ಟೆ

ಗಾಲಿ ಮುಗಿದರೆ ಇರುಸು. ಗಾಲಿಗಳು ತಿರುಗುವ ಈ ಅಡ್ಡಗಂಬಿಯ ತುದಿಯಲ್ಲಿ ಗಾಲಿ ಜಾರಿ ಹೋಗದಂತೆ ತಡೆಯುವುದು ಕಡಾಣಿ ಎಂಬ ಸಣ್ಣ ಕೀಲು. ಇಡೀ ಬಂಡಿಯಲ್ಲಿ ಅತಿ ಅಗ್ಗದ ವಸ್ತು ಅದೇ, ಹೊರಡುವಾಗ ಮೊದಲು ನೋಡಬೇಕಾದದ್ದೂ ಅದೇ. ಸವೆದ ಕಡಾಣಿಯನ್ನು ತಂತಿ ಸುತ್ತಿ ನಿಲ್ಲಿಸುವುದು ಬೇಡ, ಹೊಸದು ಮಾಡಿಸಬೇಕು.

ಉಜ್ಜುವ ಕಡೆಗೆ ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಬಿದಿರಿನ ಗೊಟ್ಟದಲ್ಲಿ ತುಂಬಿ ಬಂಡಿಗೆ ನೇತುಹಾಕುತ್ತಿದ್ದರು. ಹರಳೆಣ್ಣೆ ಮಂದ, ಲೋಹಕ್ಕೆ ಅಂಟಿ ನಿಲ್ಲುತ್ತದೆ, ಬಿಸಿಯಾದರೂ ಬೇಗ ಜಾರಿ ಹೋಗುವುದಿಲ್ಲ. 1914ರಿಂದ 1918ರವರೆಗೆ ನಡೆದ ಮೊದಲ ಮಹಾಯುದ್ಧದ ಎಷ್ಟೋ ವಿಮಾನಗಳ ಎಂಜಿನ್ನಿಗೂ ಹರಳೆಣ್ಣೆಯನ್ನೇ ಬಳಸಿದ್ದರು ಎಂದರೆ ಬಂಡಿಯವರ ಆಯ್ಕೆ ತಪ್ಪಾಗಿರಲಿಲ್ಲ.

ಇನ್ನು ಭಾರ. ಎರಡು ಗಾಲಿಯ ಬಂಡಿ ಒಂದು ತಕ್ಕಡಿ. ಇರುಸು ಅದರ ಆಧಾರ ಬಿಂದು. ಜನ, ಸಾಮಾನು ಸೇರಿ 400 ಕಿಲೋ ಇದ್ದು, ಅದರ ಗುರುತ್ವ ಕೇಂದ್ರ ಇರುಸಿನಿಂದ 15 ಸೆಂಟಿಮೀಟರು ಮುಂದಿದೆ ಎನ್ನಿ. ನೊಗ 3 ಮೀಟರು ಮುಂದಿದ್ದರೆ ಅದರ ಮೇಲೆ ಬೀಳುವ ಭಾರ 400 × 0.15 ÷ 3, ಅಂದರೆ 20 ಕಿಲೋ. ಎರಡೆತ್ತಿಗೆ ತಲಾ ಹತ್ತು. ಅದು ಸರಿ. ಎಲ್ಲರೂ ಹಿಂದಕ್ಕೆ ಸರಿದು ಕೂತರೆ ನೊಗ ಮೇಲಕ್ಕೆದ್ದು ಕೊರಳ ಹಗ್ಗ ಎತ್ತಿನ ಗಂಟಲನ್ನು ಬಿಗಿಯುತ್ತದೆ. ಎಲ್ಲರೂ ಮುಂದೆ ಕೂತರೆ ಹೆಗಲು ಹುಣ್ಣಾಗುತ್ತದೆ. ಕಾರಿನ ಹಿಂದೆ ಕ್ಯಾಂಪರ್ ಕಟ್ಟುವವರೂ ಒಟ್ಟು ತೂಕದ ಹತ್ತನೆಯ ಒಂದು ಪಾಲಾದರೂ ಕೊಂಡಿಯ ಮೇಲೆ ಬೀಳುವಂತೆ ನೋಡಿಕೊಳ್ಳುತ್ತಾರೆ. ಹಿಂಬದಿ ಭಾರವಾದರೆ ವೇಗದಲ್ಲಿ ಗಾಡಿ ಓಲಾಡಿ ಮಗುಚುವ ಅಪಾಯವಿದೆ.

ಕಮಾನಿಗೆ ಹೊಸ ಬಿದಿರು ಬೇಕಾಯಿತು. ಬಿದಿರನ್ನು ಬೆಂಕಿಯ ಮೇಲೆ ಆಡಿಸುತ್ತ ಬಾಗಿಸಿ, ತಣಿಯುವವರೆಗೆ ಬಿಗಿದು ಕಟ್ಟಿದರೆ ಬಾಗು ನಿಲ್ಲುತ್ತದೆ. ನಾರುಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ವಸ್ತು ಬಿಸಿಗೆ ಮೆದುವಾಗಿ, ತಣಿದಾಗ ಹೊಸ ಆಕಾರದಲ್ಲೇ ಗಟ್ಟಿಯಾಗುತ್ತದೆ. ಕಮಾನಿನ ಮೇಲೆ ನೀರು ನಿಲ್ಲುವುದಿಲ್ಲ, ಮೇಲಾಗಿ ಅದು ಚಪ್ಪಟೆ ಮಾಡಿಗಿಂತ ಗಟ್ಟಿ.

ಮೇಲಿನ ಹತ್ತಿ ತಾಡಪಾಲು ಎರಡು ಕಡೆ ಹರಿದಿತ್ತು. ಹತ್ತಿಯ ಬಟ್ಟೆಗೆ ನೈಲಾನ್ ದಾರ ಹಾಕುವುದು ಈಗಿನ ರೂಢಿ. ದಾರ ಗಟ್ಟಿ, ಆದರೆ ಸೂಜಿಯ ತೂತು ಹಾಗೇ ಉಳಿದು ಸೋರುತ್ತದೆ. ಹತ್ತಿಯ ನೂಲು ನೆನೆದಾಗ ಉಬ್ಬಿ ತೂತನ್ನು ಮುಚ್ಚುತ್ತದೆ. ನೂಲಿಗೆ ಮೇಣ ಸವರಿದ್ದರೆ ಇನ್ನೂ ಒಳ್ಳೆಯದು. ಭೌಗೋಳಿಕ ಸೂಚಕದ ಮನ್ನಣೆ ಪಡೆದಿರುವ ಸಂಡೂರಿನ ಲಂಬಾಣಿ ಕಸೂತಿಯನ್ನು ನೋಡಿ. ತೇಪೆಯ ಮೇಲೆ ತೇಪೆ, ಒತ್ತೊತ್ತಾಗಿ ಹೊಲಿಗೆ. ಕಣ್ಣಿಗೆ ಅದು ಅಂದ, ಬಟ್ಟೆಗೆ ಅದು ಬಲ. ಎಳೆತ ಒಂದೇ ಕಡೆ ಬೀಳದೆ ಎಲ್ಲ ಹೊಲಿಗೆಗಳಿಗೂ ಹಂಚಿಹೋಗುತ್ತದೆ.

ಯಾವುದನ್ನು ಮುಟ್ಟಬಾರದು

ರಿಪೇರಿ ಎಂದರೆ ಎಲ್ಲವನ್ನೂ ಹೊಸದು ಮಾಡುವುದಲ್ಲ. ಬಂಡಿಗೆ ರಬ್ಬರ್ ಟೈರು ಹಾಕಿಬಿಡಬಹುದಿತ್ತು. ಬೆಂಗಳೂರಿನ ಐ.ಐ.ಎಂ.ನ ಸ್ಥಾಪಕ ನಿರ್ದೇಶಕ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಬಂಡಿಯ ಸುಧಾರಣೆಗೆ ವರ್ಷಗಟ್ಟಲೆ ದುಡಿದರು. ಎತ್ತಿನ ಶ್ರಮ ಇಳಿಯಬೇಕು ಎಂಬುದು ಅವರ ಕಾಳಜಿ. ದಿನವೂ ಭಾರ ಹೊರುವ ಬಂಡಿಗೆ ಗಾಳಿ ತುಂಬಿದ ಟೈರೇ ಮೇಲು. ವರ್ಷಕ್ಕೊಮ್ಮೆ ಹೊರಡುವ, ಮರದ ಗಾಲಿ ಇನ್ನೂ ಗಟ್ಟಿಯಿರುವ ಬಂಡಿಗೆ ಅದು ಬೇಕಾಗಲಿಲ್ಲ. ಬಳಕೆ ಏನು ಎಂಬುದನ್ನು ನೋಡಿ ರಿಪೇರಿ.

ಹಂಪಿಯ ವಿಠ್ಠಲ ದೇವಾಲಯದ ಕಲ್ಲಿನ ತೇರನ್ನು 2017ರಿಂದ ಐವತ್ತು ರೂಪಾಯಿ ನೋಟಿನ ಮೇಲೆ ಎಲ್ಲರೂ ಕಂಡಿದ್ದಾರೆ. ಅದರ ಗಾಲಿಗಳು ಒಂದು ಕಾಲಕ್ಕೆ ತಿರುಗುತ್ತಿದ್ದವು. ಸವೆತ ತಪ್ಪಿಸಲು ಈಗ ಅಲುಗದಂತೆ ಭದ್ರ ಮಾಡಿದ್ದಾರೆ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ತೇರಿನ ಮೇಲೆ ಇಟ್ಟಿಗೆಯ ಗೋಪುರ ಕಾಣುತ್ತದೆ, ಇಂದು ಅದಿಲ್ಲ. ಅಲ್ಲಿ ನಿಲ್ಲಿಸಿ ಉಳಿಸುವುದು ಸರಿ. ಅದೇ ಸೀಮೆಯಲ್ಲಿ ವಿಜಯನಗರದ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತಾ ಕಾಲುವೆಗಳು ಇಂದಿಗೂ ಗದ್ದೆಗೆ ನೀರು ಕೊಡುತ್ತಿವೆ. ಹೂಳು ತೆಗೆದು, ಒಡೆದ ದಂಡೆ ಕಟ್ಟಿ, ತಲೆಮಾರುಗಳು ದುರಸ್ತಿ ಮಾಡುತ್ತ ಬಂದದ್ದರಿಂದ ಅವು ಹರಿಯುತ್ತಿವೆ. ಅಲ್ಲಿ ಬಳಸುತ್ತ ಉಳಿಸುವುದು ಸರಿ.

ಬಂಡಿ ತಯಾರಾಯಿತು. ಮೊದಲು ಖಾಲಿ ಬಂಡಿ, ಆಮೇಲೆ ಮರಳಿನ ಚೀಲ ಹೇರಿ ಊರ ಸುತ್ತ ಒಂದು ಸುತ್ತು. ಮನುಷ್ಯರು ಹತ್ತುವುದು ಅದೆಲ್ಲ ಆದ ಮೇಲೆ. ಬಣ್ಣದ ಡಬ್ಬಿ ಆಗ ಹೊರಗೆ ಬಂತು. ಮಾರೋಣ ಎಂದಿದ್ದ ಮಗನೇ ಕುಂಚ ಹಿಡಿದ.

ಮನೆಯಲ್ಲಿ ಬಂಡಿ ಇಲ್ಲದ ಮಕ್ಕಳು ಸೈಕಲ್ಲಿನಿಂದ ಶುರು ಮಾಡಬಹುದು. ಗಾಲಿಗೆ ಸುಣ್ಣದ ಗುರುತು ಹಾಕಿ ಒಂದು ಸುತ್ತು ಉರುಳಿಸಿ ಸುತ್ತಳತೆ ಅಳೆಯಿರಿ, ಅಡ್ಡಳತೆಯಿಂದ ಭಾಗಿಸಿ 3.14 ಬರುತ್ತದೆಯೇ ನೋಡಿ. ಒಂದು ಹಾಳೆಯನ್ನು ಎರಡು ಪುಸ್ತಕಗಳ ನಡುವೆ ಚಪ್ಪಟೆಯಾಗಿಟ್ಟು ನಾಣ್ಯ ಇಡಿ, ಆಮೇಲೆ ಅದೇ ಹಾಳೆಯನ್ನು ಪುಸ್ತಕಗಳ ನಡುವೆ ಕಮಾನಾಗಿ ಬಗ್ಗಿಸಿ ಇಟ್ಟು ನೋಡಿ. ಬೆಂಕಿಯ ಕೆಲಸ ಮಾತ್ರ ದೊಡ್ಡವರದು. ತಂದೆತಾಯಂದಿರಲ್ಲಿ ಒಂದು ವಿನಂತಿ: ಮನೆಯಲ್ಲಿ ಏನಾದರೂ ರಿಪೇರಿಗೆ ಬಿಚ್ಚಿದಾಗ ಮಕ್ಕಳನ್ನು “ಓದಿಕೋ ಹೋಗು” ಎಂದು ಅಟ್ಟಬೇಡಿ. ಅದೂ ಓದೇ.

ಹೊರಡುವ ಮುನ್ನ ಬಡಿಗೇರರು ಹುಡುಗಿಯ ನೋಟ್‌ಬುಕ್ ಕೇಳಿ ಪಡೆದು, ಓದಲು ಬಾರದಿದ್ದರೂ ಅಂಕಿಗಳ ಮೇಲೆ ಬೆರಳಾಡಿಸಿ ಹಿಂದಕ್ಕೆ ಕೊಡುತ್ತಾರೆ. “ಜೋಪಾನವಾಗಿಡವ್ವ. ಇನ್ನೊಂದು ಸಲ ಹಳಿ ಸಡಿಲಾಗೋ ಹೊತ್ತಿಗೆ ನಾನಿರ್ತೀನೋ ಇಲ್ಲೋ. ಹೆಬ್ಬೆರಳು ಹೋದರೂ ಲೆಕ್ಕ ಇರಲಿ.”